ಪ್ರೇರಿ ಹುಲ್ಲುಗಾವಲಿನ ಎಕಿನೇಶಿಯಾ: ನೆಗಡಿ ಔಷಧಿ ಆಗುವ ಮೊದಲು ಅದನ್ನು ಯಾರು, ಹೇಗೆ ಬಳಸುತ್ತಿದ್ದರು?

ಬಯಲುಹುಲ್ಲು (ಲಿಂಕನ್, ನೆಬ್ರಾಸ್ಕಾ, ಅಮೆರಿಕ)

ಎಲ್ಲರಿಗೂ ನಮಸ್ಕಾರ. ಎಕಿನೇಶಿಯಾ ಬಗ್ಗೆ ಇಲ್ಲಿ ಆಗಾಗ ಪ್ರಶ್ನೆಗಳು ಬರುತ್ತವೆ. ನೆಗಡಿಗೆ ಒಳ್ಳೆಯದಾ, ಎಷ್ಟು ಹನಿ ಹಾಕಬೇಕು, ಮಕ್ಕಳಿಗೆ ಕೊಡಬಹುದಾ, ಇಷ್ಟೇ. ಗಿಡದ ಬಗ್ಗೆ ಯಾರೂ ಕೇಳುವುದಿಲ್ಲ. ಆ ಗಿಡ ತಾನಾಗಿ ಬೆಳೆಯುವ ಸೀಮೆಯಲ್ಲೇ ನಾನಿದ್ದೇನೆ. ಅದರ ಮೇಲೆ ನನಗೆ ತುಂಬಾ ಪ್ರೀತಿ. ಅದಕ್ಕೇ ಒಂದು ಪ್ರತ್ಯೇಕ ಚರ್ಚೆ ಶುರು ಮಾಡುತ್ತಿದ್ದೇನೆ.

ಎಕಿನೇಶಿಯಾದಲ್ಲಿ ಸುಮಾರು ಒಂಬತ್ತು ಜಾತಿ. ನಾನು ಹೇಳುವುದು ಅಂಗುಸ್ಟಿಫೋಲಿಯಾ ಅನ್ನುವ ಕಿರಿದೆಲೆಯ ಜಾತಿ. ಟೆಕ್ಸಾಸ್‌ನಿಂದ ಕೆನಡಾದ ಸಸ್ಕಾಚೆವಾನ್‌ವರೆಗೆ, ಮರಗಳಿಲ್ಲದ ಒಣ ಹುಲ್ಲುಗಾವಲಿನಲ್ಲಿ ಬೆಳೆಯುತ್ತದೆ. ಜೂನ್ ಕೊನೆ, ಜುಲೈ ಹೊತ್ತಿಗೆ ಹೂ. ಎತ್ತರ ಜಾಸ್ತಿ ಇಲ್ಲ, ಮೊಣಕಾಲಿನ ಮಟ್ಟ. ಕಾಂಡ, ಎಲೆ ಎರಡರ ಮೇಲೂ ಒರಟು ರೋಮ, ಕೈಗೆ ತರಿತರಿ ಅನ್ನುತ್ತದೆ. ತಿಳಿಗುಲಾಬಿ ಎಸಳುಗಳು ಕೆಳಕ್ಕೆ ಇಳಿಬಿದ್ದಿರುತ್ತವೆ. ನಡುವೆ ಕಂದು, ಕಿತ್ತಳೆ ಬೆರೆತ ಬಣ್ಣದ ಮುಳ್ಳುಗುಬ್ಬಿ. ಹೂ ಒಣಗಿದ ಮೇಲೂ ಆ ಗುಬ್ಬಿ ಚಳಿಗಾಲ ಪೂರ್ತಿ ಹಿಮದ ಮೇಲೆ ಕಪ್ಪಗೆ ನಿಂತಿರುತ್ತದೆ.

ನಿಜವಾದ ಗಿಡ ಇರುವುದು ಮಣ್ಣಿನ ಕೆಳಗೆ. ತಾಯಿಬೇರು ಐದಾರು ಅಡಿ ಆಳಕ್ಕೆ ಇಳಿಯುತ್ತದೆ. ಬರಗಾಲ, ಬೆಂಕಿ, ಕಾಡೆಮ್ಮೆ ಹಿಂಡು, ಎಲ್ಲವನ್ನೂ ಅದು ತಡೆದುಕೊಂಡಿದ್ದು ಹೀಗೆ. ಔಷಧಿಗೆ ಬೇಕಾಗಿದ್ದೂ ಇದೇ ಬೇರು.

ಮೆಲ್ವಿನ್ ಗಿಲ್ಮೋರ್ ಅನ್ನುವವರು ಮಿಸೌರಿ ನದಿ ಸೀಮೆಯ ಒಮಾಹಾ, ಪೊಂಕಾ, ಪಾನೀ, ಡಕೋಟಾ, ವಿನೆಬೇಗೋ ಅನ್ನುವ ಮೂಲ ಜನರಲ್ಲಿದ್ದ ಗಿಡಮೂಲಿಕೆಯ ತಿಳಿವಳಿಕೆಯನ್ನು ಕೇಳಿ ಬರೆದುಕೊಂಡು 1919ರಲ್ಲಿ ಪ್ರಕಟಿಸಿದರು. ಬೇರೆ ಯಾವ ಗಿಡಕ್ಕಿಂತಲೂ ಜಾಸ್ತಿ ಕಾಯಿಲೆಗಳಿಗೆ ಇದನ್ನೇ ಬಳಸುತ್ತಿದ್ದ ಹಾಗಿದೆ ಅಂತ ಅವರು ಬರೆದಿದ್ದಾರೆ. ಹಲ್ಲುನೋವು ಬಂದರೆ ಬೇರಿನ ಒಂದು ತುಂಡನ್ನು ನೋವಿರುವ ಹಲ್ಲಿನ ಮೇಲೆ ಇಟ್ಟುಕೊಂಡು, ನೋವು ಇಳಿಯುವ ತನಕ ತೆಗೆಯುತ್ತಿರಲಿಲ್ಲ. ಕೆಪ್ಪಟರಾಯದ ಊತಕ್ಕೆ, ಹಾವು ಮತ್ತು ವಿಷದ ಹುಳು ಕಚ್ಚಿದ್ದಕ್ಕೆ ಅದೇ ಔಷಧಿ. ತಲೆನೋವಿಗೆ ಹೊಗೆ ಕೊಡುತ್ತಿದ್ದರು. ಕುದುರೆಗಳ ಕಾಯಿಲೆಗೂ ಇದರ ಹೊಗೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೆಂಕಿ, ಬಿಸಿಯ ಉಪಯೋಗ. ಸುಟ್ಟ ಗಾಯಕ್ಕೆ ಇದರ ರಸ ಹಚ್ಚುತ್ತಿದ್ದರು. ಬಿಸಿ ಕಲ್ಲಿನ ಮೇಲೆ ನೀರು ಸುರಿದು ಹಬೆಯಲ್ಲಿ ಕೂರುವ ಸ್ನಾನದ ಗುಡಿಸಲಿದೆಯಲ್ಲ, ಅಲ್ಲಿನ ಬಿಸಿ ತಡೆದುಕೊಳ್ಳಲು ಇದನ್ನು ಬಳಸುತ್ತಿದ್ದರು. ಕೈಗೆಲ್ಲ ರಸ ಬಳಿದುಕೊಂಡು, ಕುದಿಯುವ ಪಾತ್ರೆಯಿಂದ ಬರಿಗೈಯಲ್ಲೇ ಮಾಂಸದ ತುಂಡು ಎತ್ತಿ ತೋರಿಸುವವರೂ ಇದ್ದರಂತೆ. ಬಾಯಿ ಮರಗಟ್ಟಿಸಿಕೊಂಡು ಉರಿಯುವ ಕೆಂಡವನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಿದ್ದೆ ಅಂತ ವಿನೆಬೇಗೋ ಜನಾಂಗದ ಒಬ್ಬರು ಗಿಲ್ಮೋರ್ ಅವರಿಗೆ ಹೇಳಿದ್ದಾರೆ. (ದಯವಿಟ್ಟು ಯಾರೂ ಪ್ರಯತ್ನ ಮಾಡಬೇಡಿ.)

ಒಣಗಿದ ಮುಳ್ಳುಗುಬ್ಬಿಯಿಂದ ತಲೆ ಬಾಚಿಕೊಳ್ಳುತ್ತಿದ್ದರು. ಪಾನೀ ಮಕ್ಕಳು ಅದರ ಎರಡು ಕಡ್ಡಿ ಹಿಡಿದು, ಒಂದರ ಸುತ್ತ ಇನ್ನೊಂದನ್ನು ತಿರುಗಿಸುವ ಆಟ ಆಡುತ್ತಿದ್ದರು. ಒಂದು ಗಿಡ ಒಂದು ಜನದ ಬದುಕಿನಲ್ಲಿ ಇಷ್ಟೆಲ್ಲ ಕಡೆ ಸೇರಿಕೊಂಡಿತ್ತು. ಅದನ್ನು ನಾವು ನೆಗಡಿ ಡಬ್ಬಿಗೆ ಇಳಿಸಿಬಿಟ್ಟಿದ್ದೇವೆ ಅನ್ನುವುದು ನನ್ನ ಸಂಕಟ.

ಸೀಮಾ_ಧಾರವಾಡ

ಅಕ್ಕಾ, ಎಷ್ಟು ಚೆನ್ನಾಗಿ ಬರೆದಿದ್ದೀರಿ. ನಮ್ಮ ಮನೆಯಲ್ಲಿ ಎಕಿನೇಶಿಯಾ ಅಂದರೆ ಹೋಮಿಯೋಪಥಿ ಅಂಗಡಿಯಿಂದ ತರುವ ಕಂದು ಬಾಟಲಿ, ಅಷ್ಟೇ. ಕುರು ಎದ್ದರೆ ನಮ್ಮಪ್ಪ ಅದರ ಹನಿಗಳನ್ನು ನೀರಿಗೆ ಹಾಕಿ ಕೊಡುತ್ತಿದ್ದರು. ‘ರಕ್ತ ಶುದ್ಧಿ ಆಗುತ್ತದೆ’ ಅನ್ನುತ್ತಿದ್ದರು. ಅದು ಇದೇ ಗಿಡವಾ? ಅಮೆರಿಕದ ಆದಿವಾಸಿಗಳ ಬೇರು ಧಾರವಾಡದ ಅಂಗಡಿಗೆ ಹೇಗೆ ಬಂತು?

ಬಯಲುಹುಲ್ಲು

ಸೀಮಾ, ಇದೇ ಗಿಡ. ಆ ಬಾಟಲಿಯ ಮೇಲೆ ಸಾಮಾನ್ಯವಾಗಿ ಅಂಗುಸ್ಟಿಫೋಲಿಯಾ ಅಂತಲೇ ಬರೆದಿರುತ್ತದೆ. ನಿಮ್ಮ ತಂದೆ ಹೇಳುತ್ತಿದ್ದ ‘ರಕ್ತ ಶುದ್ಧಿ’ ಅನ್ನುವ ಮಾತಿನ ಹಿಂದೆಯೇ ಒಂದು ಕಥೆ ಇದೆ.

ನೆಬ್ರಾಸ್ಕಾದ ಪಾನೀ ಸಿಟಿ ಅನ್ನುವ ಸಣ್ಣ ಊರು. ನಾನಿರುವ ಜಾಗದಿಂದ ದೂರವೇನೂ ಅಲ್ಲ. 1870, 80ರ ದಶಕದಲ್ಲಿ ಅಲ್ಲಿ ಎಚ್. ಸಿ. ಎಫ್. ಮೇಯರ್ ಅನ್ನುವ ಜರ್ಮನ್ ಮೂಲದ ವೈದ್ಯರಿದ್ದರು. ಈ ಬೇರು ಸೇರಿಸಿ ‘ಮೇಯರ್ ಅವರ ರಕ್ತಶೋಧಕ’ ಅನ್ನುವ ಔಷಧಿ ಮಾಡಿ ಮಾರುತ್ತಿದ್ದರು. ಸಿನ್ಸಿನಾಟಿಯ ಔಷಧಿ ತಯಾರಕ ಜಾನ್ ಉರಿ ಲಾಯ್ಡ್ ಮತ್ತು ಡಾಕ್ಟರ್ ಜಾನ್ ಕಿಂಗ್ ಅವರಿಗೆ ಮಾದರಿ ಕಳಿಸಿದರು. ಅವರು ಮೊದಲು ನಂಬಲಿಲ್ಲ. ಆಗ ಮೇಯರ್, ನಿಮ್ಮ ಕಣ್ಣೆದುರೇ ಬುಡುಬುಡಿಕೆ ಹಾವಿನಿಂದ ಕಚ್ಚಿಸಿಕೊಂಡು ಈ ಔಷಧಿಯಿಂದ ವಾಸಿ ಮಾಡಿಕೊಂಡು ತೋರಿಸುತ್ತೇನೆ, ಬರಲಾ ಅಂತ ಕೇಳಿದರು! ಅವರು ಬೇಡ ಅಂದರು. ಆದರೂ ಕಿಂಗ್ ಅವರು ಬಳಸಿ ನೋಡಿ 1887ರಲ್ಲಿ ಅದರ ಬಗ್ಗೆ ಬರೆದರು. ಮುಂದೆ ಲಾಯ್ಡ್ ಕಂಪನಿ ಅದನ್ನು ತಯಾರಿಸಿ ಮಾರತೊಡಗಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಗಿಡಮೂಲಿಕೆ ನಂಬುವ ಅಮೆರಿಕನ್ ವೈದ್ಯರ ಕೈಯಲ್ಲಿ ಭಾರಿ ಬಳಕೆಯಲ್ಲಿತ್ತು. ಹೋಮಿಯೋಪಥಿಯವರೂ ತೆಗೆದುಕೊಂಡರು. ನಿಮ್ಮ ಬಾಟಲಿಯ ದಾರಿ ಅದು.

ಅಲ್ಲಿ ಒಂದು ವಿಷಯ ನನ್ನನ್ನು ಕಾಡುತ್ತದೆ. ಹುಲ್ಲುಗಾವಲಿನ ಜನ ಹಿಂದಿನಿಂದಲೂ ಬಳಸಿಕೊಂಡು ಬಂದ ಬೇರು. ಬಾಟಲಿಯ ಮೇಲೆ ಬಂದಿದ್ದು ಮೇಯರ್ ಹೆಸರು. ಪಾನೀ ಸಿಟಿ ಅನ್ನುವ ಊರಿನ ಹೆಸರಿನಲ್ಲಿ ಪಾನೀ ಜನ ಇದ್ದಾರೆ. ಆದರೆ ಆ ಜನರನ್ನು 1870ರ ದಶಕದಲ್ಲೇ ನೆಬ್ರಾಸ್ಕಾದಿಂದ ಈಗಿನ ಓಕ್ಲಹೋಮಾಕ್ಕೆ ಸಾಗಿಸಿಯಾಗಿತ್ತು.

ಗುರು_ಮೈಸೂರು

ಬಯಲುಹುಲ್ಲು ಮೇಡಂ, ನಾನು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವವನು. ಬಾಯಿ ಮರಗಟ್ಟುವ ವಿಷಯಕ್ಕೆ ಸ್ವಲ್ಪ ಸೇರಿಸುತ್ತೇನೆ.

ಅದಕ್ಕೆ ಕಾರಣ ಆಲ್ಕಮೈಡ್ ಅನ್ನುವ ರಾಸಾಯನಿಕಗಳು. ಅಂಗುಸ್ಟಿಫೋಲಿಯಾ ಬೇರಿನಲ್ಲಿ ಅವು ಚೆನ್ನಾಗಿಯೇ ಇವೆ. ಒಳ್ಳೆಯ ಬೇರನ್ನು ಅಗಿದರೆ ಮೊದಲು ಸ್ವಲ್ಪ ಸಿಹಿ, ಆಮೇಲೆ ನಾಲಿಗೆ ಜುಮು ಜುಮು, ಬಾಯಿ ತುಂಬ ಜೊಲ್ಲು, ಕೊನೆಗೆ ಮರಗಟ್ಟುವುದು. ಹಳೆಯ ವ್ಯಾಪಾರಿಗಳು ಬೇರಿನ ಗುಣಮಟ್ಟವನ್ನು ನಾಲಿಗೆಯಿಂದಲೇ ಅಳೆಯುತ್ತಿದ್ದರು. ಅದರಲ್ಲಿ ಅರ್ಥವಿದೆ. ಹಲ್ಲುನೋವಿಗೆ ಬಳಸಿದ್ದು ಸುಮ್ನೆ ನಂಬಿಕೆಯಿಂದಲ್ಲ.

ನೆಗಡಿ ವಿಷಯ ಬೇರೆ. 2005ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಪ್ರಯೋಗ ಬಂತು. ಸುಮಾರು 400 ಸ್ವಯಂಸೇವಕರ ಮೂಗಿಗೆ ನೆಗಡಿ ವೈರಸ್ ಬಿಟ್ಟು, ಅಂಗುಸ್ಟಿಫೋಲಿಯಾ ಬೇರಿನ ಸಾರ ಕೊಟ್ಟು ನೋಡಿದರು. ಸೋಂಕು ತಗಲುವುದಾಗಲಿ, ನೆಗಡಿಯ ಕಾಟವಾಗಲಿ ಹೇಳಿಕೊಳ್ಳುವಷ್ಟು ಕಡಿಮೆ ಆಗಲಿಲ್ಲ. 2014ರ ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆ) ಪರಿಶೀಲನೆ 24 ಪ್ರಯೋಗಗಳನ್ನು, 4,600ಕ್ಕೂ ಹೆಚ್ಚು ಜನರನ್ನು ಒಟ್ಟಿಗೆ ನೋಡಿತು. ಬಂದ ನೆಗಡಿಯನ್ನು ವಾಸಿ ಮಾಡುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಕೆಲವು ತಯಾರಿಕೆಗಳಲ್ಲಿ ಸಣ್ಣ ಪ್ರಯೋಜನ ಇರಬಹುದು, ಅಷ್ಟೇ.

ಇನ್ನೊಂದು ಗಮನಿಸಿ. 1930ರ ದಶಕದಲ್ಲಿ ಜರ್ಮನಿಯ ವೈದ್ಯ ಗೆರ್ಹಾರ್ಡ್ ಮಾಡೌಸ್ ಅಮೆರಿಕದಿಂದ ಬೀಜ ತರಿಸಿ ಬೆಳೆಸಿದರು. ಅವರಿಗೆ ಬೇಕಾಗಿದ್ದು ಅಂಗುಸ್ಟಿಫೋಲಿಯಾ. ಬೆಳೆದು ನಿಂತಿದ್ದು ಪರ್ಪ್ಯೂರಿಯಾ, ಅಂದರೆ ಅಮೆರಿಕದ ಪೂರ್ವ ಭಾಗದ ಅಗಲ ಎಲೆಯ ಜಾತಿ! ಮುಂದೆ ಯುರೋಪಿನಲ್ಲಿ ಹೆಚ್ಚಿನ ಸಂಶೋಧನೆ ನಡೆದಿದ್ದು ಅದರ ಮೇಲೇ, ಅದೂ ಹೂ ಬಿಟ್ಟ ಗಿಡದ ಮೇಲ್ಭಾಗದ ರಸದ ಮೇಲೆ. ಜಾತಿ ಬೇರೆ, ಭಾಗ ಬೇರೆ, ಕಾಯಿಲೆಯೂ ಬೇರೆ. ‘ಶತಮಾನಗಳಿಂದ ಆದಿವಾಸಿಗಳು ಬಳಸಿದ ಔಷಧಿ’ ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಒಳಗಿರುವುದು ಯಾವ ಜಾತಿ, ಯಾವ ಭಾಗ ಅಂತ ಮೊದಲು ಓದಿ.

ನಾಟಿವೈದ್ಯರ_ಮೊಮ್ಮಗ

ಗುರು ಸರ್, ನಾಲಿಗೆ ಮರಗಟ್ಟುವುದು ಅಂದ ಕೂಡಲೇ ನನಗೆ ಅಕ್ಕಲಕರೆ ನೆನಪಾಯಿತು. ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಬೇರು. ನಮ್ಮ ತಾತ ಹಲ್ಲುನೋವಿನವರಿಗೆ ಅದರ ಚೂರನ್ನೇ ಹಲ್ಲಿನ ಸಂದಿಗೆ ಒತ್ತಿ ಇಡಿಸುತ್ತಿದ್ದರು. ಒಮಾಹಾ ಜನ ಮಾಡುತ್ತಿದ್ದುದೂ ಅದನ್ನೇ ಅಲ್ವಾ? ಇವೆರಡಕ್ಕೂ ಏನಾದರೂ ಸಂಬಂಧ ಇದೆಯಾ?

ಇನ್ನೊಂದು ಪ್ರಶ್ನೆ. ಹಾವಿನ ವಿಷಕ್ಕೆ ಅಷ್ಟೊಂದು ಜನಾಂಗಗಳು ಬಳಸಿದ್ದಾರೆ ಅಂದರೆ ಅದರಲ್ಲಿ ಏನಾದರೂ ಇರಲೇಬೇಕಲ್ಲ?

ಗುರು_ಮೈಸೂರು

ಸಂಬಂಧ ಇದೆ ಸ್ವಾಮಿ. ಎರಡೂ ಸೇವಂತಿಗೆ, ಸೂರ್ಯಕಾಂತಿಯ ಕುಟುಂಬದವು. ಅಕ್ಕಲಕರೆಯನ್ನು ಚುರುಗುಟ್ಟಿಸುವುದೂ ಆಲ್ಕಮೈಡ್ ಗುಂಪಿನ ರಾಸಾಯನಿಕವೇ. ಸಮುದ್ರಗಳ ಆಚೆ ಈಚೆ ಇದ್ದ ಜನ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಒಂದೇ ಗುಣವನ್ನು ನಾಲಿಗೆಯಿಂದ ಕಂಡುಕೊಂಡು ಒಂದೇ ಕೆಲಸಕ್ಕೆ ಹಚ್ಚಿದರು. ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ.

ಹಾವಿನ ವಿಷಯದಲ್ಲಿ ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ಕಚ್ಚಿದ ಜಾಗದ ಉರಿ ಸ್ವಲ್ಪ ಕಡಿಮೆ ಮಾಡಿರಬಹುದು. ಹಾವು ಕಚ್ಚಿದಾಗಲೆಲ್ಲ ವಿಷ ಇಳಿದೇ ಇರುತ್ತದೆ ಅಂತಲೂ ಇಲ್ಲ. ಹಾಗಾಗಿ ಏನು ಕೊಟ್ಟರೂ ಕೆಲವರು ಬದುಕುತ್ತಾರೆ, ಹೆಸರು ಔಷಧಿಗೆ ಬರುತ್ತದೆ. ಯಾವ ಬೇರೂ ಪ್ರತಿವಿಷದ ಚುಚ್ಚುಮದ್ದಿನ ಜಾಗ ತುಂಬುವುದಿಲ್ಲ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಅಷ್ಟು ಗಂಭೀರ ಸಮಸ್ಯೆ ಅದು. ಹಾವು ಕಚ್ಚಿದರೆ ನೇರ ಆಸ್ಪತ್ರೆ. ಈ ಚರ್ಚೆ ಓದಿ ಯಾರೂ ಬೇರು ಹುಡುಕಿಕೊಂಡು ಹೊತ್ತು ಕಳೆಯಬಾರದು.

ಮಿನೆಸೋಟ_ಮಂಜು

ಗುರು ಸರ್ ಹೇಳಿದ್ದಕ್ಕೆ ಒಂದು ಸಣ್ಣ ತಕರಾರು. ಕೆಮ್ಮು, ನೆಗಡಿಗೆ ಹಳಬರು ಬಳಸಲೇ ಇಲ್ಲ ಅಂತಲ್ಲ. ಕಯೋವಾ ಜನ ಕೆಮ್ಮು, ಗಂಟಲುನೋವಿಗೆ ಬೇರು ಅಗಿದು ರಸ ನುಂಗುತ್ತಿದ್ದರು. ಕ್ರೋ ಜನ ನೆಗಡಿಗೆ ಅಗಿಯುತ್ತಿದ್ದರು. ಷಾಯೆನ್ ಜನರಿಗೆ ಅದು ಬಾಯಿಹುಣ್ಣು, ಒಸಡುನೋವಿನ ಔಷಧಿ. ಲಕೋಟಾ ಜನ ಇವತ್ತಿಗೂ ಹಲ್ಲುನೋವಿಗೆ, ಗಂಟಲಿಗೆ ಬಳಸುತ್ತಾರೆ. ಆದರೆ ಎಲ್ಲ ಕಡೆ ಬೇರು ಬಾಯಲ್ಲಿ ಇರುತ್ತದೆ ನೋಡಿ. ನೋವಿರುವ ಜಾಗಕ್ಕೇ ನೇರವಾಗಿ ತಾಗುತ್ತದೆ. ಕ್ಯಾಪ್ಸೂಲ್ ನುಂಗಿದರೆ ಅದು ಗಂಟಲಿಗೆ ತಾಗದೆ ಹೊಟ್ಟೆಗೆ ಹೋಗುತ್ತದೆ. ಎರಡನ್ನೂ ಒಂದೇ ಅನ್ನಲಾಗುವುದಿಲ್ಲ.

ನಾನು ಬರೆಯಬೇಕು ಅಂದುಕೊಂಡಿದ್ದು ಗಿಡದ ಬಗ್ಗೆ. ಪಶ್ಚಿಮ ಮಿನೆಸೋಟದಲ್ಲಿ ಉಳಿದಿರುವ ಹುಲ್ಲುಗಾವಲಿನ ತುಂಡುಗಳಲ್ಲಿ ನಾನು ಬಿಡುವಿದ್ದಾಗ ಕಳೆ ಕೀಳಲು, ಬೀಜ ಆರಿಸಲು ಹೋಗುತ್ತೇನೆ. ತುಂಡುಗಳು ಅನ್ನುವುದು ಸರಿಯಾದ ಮಾತು. ಉತ್ತರ ಅಮೆರಿಕದ ಎತ್ತರ ಹುಲ್ಲಿನ ಪ್ರೇರಿಯಲ್ಲಿ ಈಗ ಉಳಿದಿರುವುದು ನೂರಕ್ಕೆ ನಾಲ್ಕು ಪಾಲೂ ಇಲ್ಲ. ಮಿಕ್ಕಿದ್ದು ಹೆಚ್ಚಾಗಿ ಮೆಕ್ಕೆಜೋಳ, ಸೋಯಾ ಹೊಲವಾಗಿದೆ. ರಸ್ತೆ ಬದಿ, ರೈಲು ಹಳಿ ಪಕ್ಕ, ಹಳೆಯ ಸ್ಮಶಾನಗಳ ಅಂಚು, ಇಂಥ ಕಡೆ ಹತ್ತಿಪ್ಪತ್ತು ಗಿಡ ಉಳಿದುಕೊಂಡಿರುತ್ತವೆ.

ಕಷ್ಟ ಏನೆಂದರೆ ಈ ಗಿಡಕ್ಕೆ ತನ್ನದೇ ಪರಾಗ ಹಿಡಿಯುವುದಿಲ್ಲ. ಹತ್ತಿರದ ನಂಟಿನ ಗಿಡದ್ದೂ ಎಷ್ಟೋ ಸಲ ಹಿಡಿಯುವುದಿಲ್ಲ. ಹೂವನ್ನು ಹತ್ತಿರದಿಂದ ನೋಡಿದರೆ ಇದು ಕಣ್ಣಿಗೇ ಕಾಣಿಸುತ್ತದೆ. ಮುಳ್ಳುಗುಬ್ಬಿಯಲ್ಲಿ ಸಣ್ಣ ಸಣ್ಣ ಹೂಗಳು ಕೆಳಗಿನಿಂದ ಮೇಲಕ್ಕೆ ಸುತ್ತು ಸುತ್ತಾಗಿ ಅರಳುತ್ತಾ ಹೋಗುತ್ತವೆ. ಒಂದೊಂದರಿಂದ ಕವಲೊಡೆದ ಒಂದು ಎಳೆ ಹೊರಗೆ ಚಾಚುತ್ತದೆ, ಅದು ಶಲಾಕೆ. ಸರಿಹೊಂದುವ ಪರಾಗ ಬಿದ್ದರೆ ಒಂದು ದಿನದೊಳಗೆ ಮುರುಟಿಕೊಳ್ಳುತ್ತದೆ. ಬೀಳದಿದ್ದರೆ ದಿನಗಟ್ಟಲೆ ಹಾಗೇ ಚಾಚಿಕೊಂಡು ಕಾಯುತ್ತದೆ. ದೊಡ್ಡ ಹುಲ್ಲುಗಾವಲಿನ ಹೂಗಳಲ್ಲಿ ಚಾಚಿದ ಎಳೆಗಳ ಸುತ್ತು ಒಂದೋ ಎರಡೋ. ರಸ್ತೆ ಬದಿಯ ಒಂಟಿ ಗಿಡದಲ್ಲಿ ಸುತ್ತಿನ ಮೇಲೆ ಸುತ್ತು. ಜೇನ್ನೊಣ ಬಂದಿರುತ್ತದೆ, ಪರಾಗವೂ ಬಿದ್ದಿರುತ್ತದೆ, ಆದರೆ ಸರಿಯಾದ ಜೋಡಿಯದ್ದಲ್ಲ. ಆಮೇಲೆ ಆ ಗುಬ್ಬಿಯನ್ನು ಬಿಡಿಸಿದರೆ ಕಾಯಿಗಳೆಲ್ಲ ಜೊಳ್ಳು.

ಬೆಂಕಿ ಬಿದ್ದರೆ ಲೆಕ್ಕವೇ ಬದಲಾಗುತ್ತದೆ. ವಸಂತದಲ್ಲಿ ಹುಲ್ಲು ಸುಟ್ಟ ಮೇಲೆ ಬರುವ ಬೇಸಿಗೆಯಲ್ಲಿ ಗಿಡಗಳು ಒಟ್ಟಿಗೆ ಹೂ ಬಿಡುತ್ತವೆ, ಜೋಡಿ ಸಿಗುವುದು ಸುಲಭ. ಈ ಸೀಮೆಯಲ್ಲೇ 21 ವರ್ಷ 778 ಗಿಡಗಳನ್ನು ಒಂದೊಂದಾಗಿ ಗುರುತಿಟ್ಟು ನೋಡಿದ ಅಧ್ಯಯನ 2020ರಲ್ಲಿ ಬಂತು. ಅದರಲ್ಲೂ ಇದೇ ಕಂಡಿತು. ಇಲ್ಲಿನ ಮೂಲ ಜನ ಹುಲ್ಲುಗಾವಲಿಗೆ ಬೇಕೆಂದೇ ಬೆಂಕಿ ಹಚ್ಚುತ್ತಿದ್ದರು. ಹೊಸ ಹುಲ್ಲು ಬರಲಿ, ಕಾಡೆಮ್ಮೆ ಬರಲಿ ಅಂತ. ಆ ಪದ್ಧತಿ ನಿಂತಿದ್ದು ಈ ಹೂವಿಗೂ ಪೆಟ್ಟು ಕೊಟ್ಟಿತು.

ಸೀಮಾ_ಧಾರವಾಡ

ಮಂಜು ಸರ್, ಮೈ ಜುಮ್ಮೆಂದಿತು. ಹಾಗಾದರೆ ಅಂಗಡಿಗೆ ಬರುವ ಬೇರೆಲ್ಲ ಎಲ್ಲಿಂದ? ಕಾಡು ಗಿಡ ಅಗೆದು ತರುತ್ತಾರಾ?

ಬಯಲುಹುಲ್ಲು

ಮಂಜು ಅವರೇ, ಧನ್ಯವಾದ. ನೀವು ಹೇಳಿದ ಎಳೆಗಳನ್ನು ಈ ಜುಲೈನಲ್ಲಿ ನಾನೂ ಕೂತು ನೋಡುತ್ತೇನೆ.

ಸೀಮಾ, ಪರ್ಪ್ಯೂರಿಯಾ ಹೆಚ್ಚಾಗಿ ಹೊಲದಲ್ಲಿ ಬೆಳೆಸಿದ್ದು. ಅಂಗುಸ್ಟಿಫೋಲಿಯಾ ಬೇರು ಮಾತ್ರ ಇವತ್ತಿಗೂ ಸುಮಾರು ಮಟ್ಟಿಗೆ ಕಾಡಿನದ್ದೇ. ಬೆಳೆಸಲು ನಿಧಾನ, ಬೇರು ದಪ್ಪವಾಗಲು ಮೂರ್ನಾಲ್ಕು ವರ್ಷ ಬೇಕು. ಕಾನ್ಸಾಸ್‌ನ ಕೆಲವು ಜಿಲ್ಲೆಗಳಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಅಗೆದು ಮಾರುತ್ತಾ ಬಂದಿದ್ದಾರೆ.

1990ರ ದಶಕದ ಕೊನೆಯಲ್ಲಿ ಎಕಿನೇಶಿಯಾ ಮಾತ್ರೆಗೆ ವಿಪರೀತ ಬೇಡಿಕೆ ಬಂತು. ಬೇರಿನ ಬೆಲೆ ಏರಿತು. ಮೊಂಟಾನಾ, ನಾರ್ತ್ ಡಕೋಟಾಗಳಲ್ಲಿ ಯಾರದೋ ಜಮೀನಿಗೆ, ಸರ್ಕಾರಿ ಹುಲ್ಲುಗಾವಲಿಗೆ ನುಗ್ಗಿ ಅಗೆಯತೊಡಗಿದರು. 1999ರಲ್ಲಿ ಎರಡೂ ರಾಜ್ಯಗಳು ಕಾನೂನು ತಂದು ತಡೆಯಬೇಕಾಯಿತು. ಗುಳಿಗಳನ್ನು ಮುಚ್ಚದೆ ಹೋದ ಕಡೆ ದನಗಳ ಕಾಲು ಮುರಿಯುವ ಭಯ ಬೇರೆ.

ಅಗೆದವರನ್ನೆಲ್ಲ ಬೈಯಲು ನನಗೆ ಮನಸ್ಸಿಲ್ಲ. ಮೊಂಟಾನಾದ ಫೋರ್ಟ್ ಪೆಕ್ ಮೀಸಲು ಪ್ರದೇಶದಲ್ಲಿ ಅಸಿನಿಬೋಯಿನ್ ಮತ್ತು ಸೂ ಅನ್ನುವ ಮೂಲ ಜನ ಇದ್ದಾರೆ. ಕೆಲಸಗಳೇ ಕಡಿಮೆ ಇರುವ ಆ ಜಾಗದಲ್ಲಿ ಆ ವರ್ಷಗಳಲ್ಲಿ ಎಷ್ಟೋ ಕುಟುಂಬಗಳಿಗೆ ಬೇರು ಅಗೆಯುವುದೇ ಕೈಗೆ ಕಾಸು ತಂದಿತು. ತಮ್ಮದೇ ಔಷಧಿಯನ್ನು ಮೂಟೆ ಲೆಕ್ಕದಲ್ಲಿ ಮಾರಬೇಕಾಗಿ ಬಂತು. ಲಾಭ ಹೋಗಿದ್ದು ದೂರದ ಕಂಪನಿಗಳಿಗೆ. ಬೇಡಿಕೆ ಬಿದ್ದಾಗ ಕೊಳ್ಳುವವರು ಮಾಯವಾದರು.

ಒಂದು ಸಮಾಧಾನದ ವಿಷಯವೂ ಇದೆ. ಕಾನ್ಸಾಸ್‌ನ ಸಸ್ಯತಜ್ಞ ಕೆಲ್ಲಿ ಕಿಂಡ್ಷರ್ ಮತ್ತು ಜೊತೆಗಾರರು ಅಗೆದ ಗುಳಿಗಳನ್ನು ಗುರುತಿಟ್ಟು ಮತ್ತೆ ಹೋಗಿ ನೋಡಿದರು. ಅಗೆಯುವವರಿಗೆ ಸಿಗುವುದು ಬೇರಿನ ಮೇಲಿನ ಭಾಗ ಮಾತ್ರ. ಆಳದಲ್ಲಿ ಉಳಿದ ತುಂಡಿನಿಂದ ಸುಮಾರು ಅರ್ಧದಷ್ಟು ಗಿಡಗಳು ಮತ್ತೆ ಚಿಗುರಿದ್ದವು. ಅಂದರೆ ಗುದ್ದಲಿಗಿಂತ ದೊಡ್ಡ ಶತ್ರು ನೇಗಿಲು ಮತ್ತು ಅಗಲ ಎಲೆಯ ಗಿಡಗಳನ್ನೆಲ್ಲ ಕೊಲ್ಲುವ ಕಳೆನಾಶಕ. ನನ್ನ ಅಭಿಪ್ರಾಯ ಕೇಳಿದರೆ, ನೆಗಡಿಗೆ ಅಂತ ಕಾಡಿನ ಅಂಗುಸ್ಟಿಫೋಲಿಯಾ ಕೊಳ್ಳಲೇಬೇಡಿ. ಪ್ರಯೋಜನ ಅನುಮಾನ, ಗಿಡಕ್ಕೆ ನಷ್ಟ ಖಚಿತ.

ಗುರು_ಮೈಸೂರು

ಪೂರ್ತಿ ಒಪ್ಪುತ್ತೇನೆ. ಕಲಬೆರಕೆಯ ಮಾತೂ ಹೇಳಿಬಿಡುತ್ತೇನೆ. ಒಂದು ಕಾಲದಲ್ಲಿ ಎಕಿನೇಶಿಯಾ ಬೇರು ಅಂತ ಪಾರ್ಥೇನಿಯಂ ಇಂಟೆಗ್ರಿಫೋಲಿಯಂ ಅನ್ನುವ ಬೇರೆ ಪ್ರೇರಿ ಗಿಡದ ಬೇರು ಮಾರಾಟವಾಗುತ್ತಿತ್ತು. ಹೆಸರು ಪರಿಚಿತ ಅನ್ನಿಸಿತಾ? ನಮ್ಮ ರಸ್ತೆ ಬದಿಯ ಕಾಂಗ್ರೆಸ್ ಗಿಡ ಇದರದೇ ಕುಲ.

ಎಕಿನೇಶಿಯಾ ಕೂಡ ಅದೇ ದೊಡ್ಡ ಕುಟುಂಬದ್ದು. ಕಾಂಗ್ರೆಸ್ ಗಿಡ ಸೋಕಿದರೆ ಮೈ ಕೆರೆತ, ದಮ್ಮು ಬರುವವರು ನಮ್ಮಲ್ಲಿ ಎಷ್ಟೊಂದು ಜನ ಇದ್ದಾರೆ. ಸೇವಂತಿಗೆ ಅಲರ್ಜಿ ಇರುವವರೂ ಇದ್ದಾರೆ. ಅಂಥವರು ಎಕಿನೇಶಿಯಾ ಮಾತ್ರೆ, ಹನಿ, ಚಹಾ ಯಾವುದನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೂ, ಅಂದರೆ ಕಿಡ್ನಿ ಕಸಿ ಆದವರು, ಸಂಧಿವಾತದವರು, ಇದೇ ಮಾತು.

ಕೈತೋಟ_ರಾಜಣ್ಣ (ಬೆಂಗಳೂರು)

ಎಲ್ಲ ಓದಿದೆ. ಔಷಧಿ ನನಗೆ ಬೇಡ, ಹೂ ಬೇಕು. ಬೆಂಗಳೂರಿನ ತಾರಸಿಯಲ್ಲಿ ಬರುತ್ತದಾ ಮೇಡಂ?

ಬಯಲುಹುಲ್ಲು

ರಾಜಣ್ಣ ಅವರೇ, ಅಂಗುಸ್ಟಿಫೋಲಿಯಾ ಪ್ರಯತ್ನಿಸಬೇಡಿ ಅನ್ನುತ್ತೇನೆ. ಅದಕ್ಕೆ ಕೊರೆಯುವ ಚಳಿಗಾಲ ಬೇಕು, ಬೇರಿಗೆ ಆಳ ಬೇಕು, ಕುಂಡದಲ್ಲಿ ಎರಡೂ ಇಲ್ಲ. ಪರ್ಪ್ಯೂರಿಯಾ ಅಷ್ಟು ಹಟಮಾರಿ ಅಲ್ಲ. ಅದರ ಬೀಜ ತೋಟಗಾರಿಕೆಗೆ ಅಂತಲೇ ಬೆಳೆಸಿದ್ದು ಸಿಗುತ್ತದೆ, ಕಾಡಿನಿಂದ ತಂದದ್ದಲ್ಲ.

ಮಿನೆಸೋಟ_ಮಂಜು

ಬೀಜವನ್ನು ಒದ್ದೆ ಮರಳಿನಲ್ಲಿ ಕಲಸಿ, ಡಬ್ಬಿಗೆ ಹಾಕಿ ಒಂದು ತಿಂಗಳು ಫ್ರಿಜ್‌ನಲ್ಲಿಡಿ. ಫ್ರೀಜರ್ ಅಲ್ಲ, ಕೆಳಗೆ ತರಕಾರಿ ಇಡುವ ಕಡೆ. ಮಳೆಗಾಲದ ನೀರು ಕುಂಡದಲ್ಲಿ ನಿಂತರೆ ಬುಡ ಕೊಳೆಯುತ್ತದೆ, ಹಾಗಾಗಿ ಮಣ್ಣಿಗೆ ಮರಳು ಧಾರಾಳವಾಗಿ ಸೇರಿಸಿ. ಪೂರ್ತಿ ಬಿಸಿಲು ಬೀಳುವ ಮೂಲೆ ಕೊಡಿ. ಮೊದಲ ವರ್ಷ ಎಲೆ ಮಾತ್ರ ಬಂದರೆ ಕಿತ್ತು ಹಾಕಬೇಡಿ. ಎರಡು ಮೂರು ಗಿಡವನ್ನಾದರೂ ಪಕ್ಕಪಕ್ಕ ಬೆಳೆಸಿ, ಒಂಟಿ ಗಿಡಕ್ಕೆ ಬೀಜ ಕಟ್ಟುವುದು ಕಷ್ಟ.

ಕೈತೋಟ_ರಾಜಣ್ಣ (ಬೆಂಗಳೂರು)

ಆಯ್ತು ಮಂಜು, ಮೂರು ಕುಂಡ ತೆಗೆದಿಡುತ್ತೇನೆ. ಹೂ ಬಿಟ್ಟರೆ ಆ ಎಳೆಗಳ ಫೋಟೋ ಇಲ್ಲೇ ಹಾಕುತ್ತೇನೆ, ಯಾವುದು ಹಿಡಿದಿದೆ ಯಾವುದು ಇಲ್ಲ ನೀವೇ ನೋಡಿ ಹೇಳಬೇಕು.